ದಾಕು ಹಾಕಿದವರೂ ತೋಳನ್ನೊಡ್ಡಿದವರೂ

ವಾಚಕ ಮಹಾಶಯರು ತಮ್ಮ ಮನೆಯ ಹಿರಿಯರ ತೋಳನ್ನು ಒಮ್ಮೆ ನೋಡಬೇಕೆಂದು ನಾವು ಮೊದಲಿಗೆ ಕೇಳಿಕೊಳ್ಳುತ್ತೇವೆ. ಅರುವತ್ತು ವರ್ಷ ದಾಟಿದ ತಾತನ ಅಥವಾ ಅಜ್ಜಿಯ ತೋಳಿನ ಮೇಲೆ, ನಾಣ್ಯವನ್ನು ಒತ್ತಿ ತೆಗೆದಂತೆ ದುಂಡಗೆ ತಗ್ಗಾದ ಒಂದೆರಡು ಕಲೆಗಳು ಕಂಡುಬರುವುದುಂಟು. ಇವೇ ದಾಕು ಹಾಕಿದ ಗುರುತುಗಳು. ಅವರ ಮೊಮ್ಮಕ್ಕಳ ತೋಳಿನಲ್ಲಿ ಕ್ಷಯರೋಗಕ್ಕಾಗಿ ಹಾಕುವ ಬಿ.ಸಿ.ಜಿ. ಲಸಿಕೆಯ ಚಿಕ್ಕದೊಂದು ಗುರುತು ಇರಬಹುದೇ ಹೊರತು ದಾಕಿನ ಕಲೆಗಳು ಇರುವುದಿಲ್ಲ. ಅವುಗಳ ಅವಶ್ಯಕತೆಯೇ ಈಗ ಉಳಿದಿಲ್ಲ. ಯಾವ ರೋಗಕ್ಕೆ ಹೆದರಿ ದಾಕು ಹಾಕಿಸುತ್ತಿದ್ದರೋ ಆ ಸಿಡುಬು ಭೂಮಂಡಲದಲ್ಲಿಯೇ ಇಲ್ಲವಾಗಿದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಸಿಡುಬೆಂಬ ಹೆಸರನ್ನು ಬಾಯಿಬಿಟ್ಟು ಹೇಳುವುದಕ್ಕೂ ಹಿಂದಿನವರು ಅಂಜುತ್ತಿದ್ದರು. ‘ಅಮ್ಮ ಬಂದಿದ್ದಾಳೆ’ ಎಂದು ಮೆಲ್ಲಗೆ ಹೇಳುತ್ತಿದ್ದರು. ಆ ಅಂಜಿಕೆ ಹೋದದ್ದು ಹೇಗೆ? ವೈದ್ಯರ ಬುದ್ಧಿಬಲದಿಂದ ಎಂಬುದು ಅರ್ಧ ಉತ್ತರ ಮಾತ್ರ. ಉಳಿದರ್ಧವು ಮನೆಯ ಹೊಸ್ತಿಲಿನಲ್ಲಿ ನಿಂತಿದ್ದ ತಾಯಂದಿರದು. ಈ ಎರಡು ಅರ್ಧಗಳೂ ಕೂಡಿಬಂದ ಬಗೆಯನ್ನು ನಾವಿಲ್ಲಿ ಹೇಳಬಯಸುತ್ತೇವೆ.

ಅಮ್ಮನ ಆಗಮನ

ಸಿಡುಬು ಮೈಗೆ ಹೊಕ್ಕ ಮೇಲೆ ಹತ್ತು ಹನ್ನೆರಡು ದಿನಗಳವರೆಗೆ ಅದರ ಸುಳಿವೇ ಇರುತ್ತಿರಲಿಲ್ಲ. ಅನಂತರ ಒಮ್ಮೆಗೇ ಉರಿಜ್ವರ, ಸೊಂಟನೋವು, ತಲೆನೋವು. ಎರಡು ಮೂರು ದಿನಗಳಲ್ಲಿ ಮುಖದಲ್ಲಿಯೂ ಕೈಕಾಲುಗಳಲ್ಲಿಯೂ ಗುಳ್ಳೆಗಳು ಏಳುತ್ತಿದ್ದವು. ಅವು ನೀರು ತುಂಬಿ, ಕೀವಾಗಿ, ಒಣಗಿ, ಹಕ್ಕಳೆ ಉದುರುವುದಕ್ಕೆ ಸುಮಾರು ಮೂರು ವಾರಗಳು ಬೇಕಾಗುತ್ತಿದ್ದವು. ದಾಕು ಹಾಕಿಸಿಕೊಳ್ಳದವರಿಗೆ ಈ ರೋಗದ ಉಗ್ರರೂಪವು ಬಂದರೆ, ಹತ್ತು ಮಂದಿಯಲ್ಲಿ ಸುಮಾರು ಮೂರು ಮಂದಿ ಸಾಯುತ್ತಿದ್ದರು. ಬದುಕಿದವರಲ್ಲಿ ಹಲವರ ಮುಖಕ್ಕೆ ಕಲೆ ನಿಲ್ಲುತ್ತಿತ್ತು. ಕೆಲವರ ಕಣ್ಣು ಹೋಗುತ್ತಿತ್ತು. ಒಮ್ಮೆ ರೋಗವು ತಲೆದೋರಿದರೆ ಅದನ್ನು ಗುಣಪಡಿಸುವ ಔಷಧವು ಯಾವ ವೈದ್ಯನಲ್ಲಿಯೂ ಇರಲಿಲ್ಲ. ನಮ್ಮ ಆಯುರ್ವೇದದಲ್ಲಿ ಇದಕ್ಕೆ ಮಸೂರಿಕೆಯೆಂದು ಹೆಸರು. ಮಾಧವನಿದಾನದಲ್ಲಿ ಇದರ ಲಕ್ಷಣಗಳನ್ನು ವಿವರಿಸಲಾಗಿದೆ. ಉತ್ತರದ ಕಡೆ ಕನ್ನಡಿಗರು ಮೈಲಿಯೆಂದರು. ನಮ್ಮ ಕಡೆ ದೊಡ್ಡಮ್ಮನೆಂದರು.

ಮದ್ದಿಲ್ಲದ ರೋಗವನ್ನು ದೇವತೆಯೆಂದು ಭಾವಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವನ್ನು ಜನರು ಇಂದಿಗೂ ಮಾರಿಕಣಿವೆಯೆಂದು ಕರೆಯುತ್ತಾರೆ. ಅಲ್ಲಿರುವವಳು ಕಣಿವೆ ಮಾರಮ್ಮ. ಮನೆಯಲ್ಲಿ ಅಮ್ಮ ಬಂದರೆ ಬಾಗಿಲಿಗೆ ಬೇವಿನ ಸೊಪ್ಪನ್ನು ಕಟ್ಟುತ್ತಿದ್ದರು. ರೋಗಿಗೆ ಬೇವಿನ ಎಸಳಿನಿಂದಲೇ ಗಾಳಿ ಬೀಸುತ್ತಿದ್ದರು. ಒಲೆಯ ಮೇಲೆ ಒಗ್ಗರಣೆ ಹಾಕುವಂತಿರಲಿಲ್ಲ. ನೆಂಟರಿಷ್ಟರು ಒಳಗೆ ಬರುವಂತಿರಲಿಲ್ಲ. ಅಮ್ಮನನ್ನು ತಂಪು ಮಾಡಲು ಮೊಸರನ್ನದ ಎಡೆಯಿಡುತ್ತಿದ್ದರು.

ಇವನ್ನೆಲ್ಲ ಮೌಢ್ಯವೆಂದು ನಕ್ಕುಬಿಡುವುದು ಸುಲಭ. ಆದರೆ ಬಾಗಿಲಿನ ಬೇವು, ‘ಇಲ್ಲಿ ರೋಗವಿದೆ, ಒಳಗೆ ಬರಬೇಡಿರಿ’ ಎಂದು ಬೀದಿಗೆಲ್ಲ ಸಾರುತ್ತಿತ್ತು. ನೆಂಟರನ್ನು ತಡೆದುದರಿಂದ ಅಂಟು ಹರಡುವುದೂ ಅಷ್ಟಕ್ಕೆ ಕಡಮೆಯಾಗುತ್ತಿತ್ತು. ಆದರೂ ಬೇವು ಮಾಡಲಾರದ ಕಾರ್ಯವೊಂದಿತ್ತು: ರೋಗವು ಇನ್ನೂ ಬಾರದಿರುವ ಮಗುವನ್ನು ಕಾಪಾಡುವುದು. ಗಾಡಿಗಳೂ ದಂಡುಗಳೂ ಸಾಗುವ ಹೆದ್ದಾರಿಯ ಮೇಲಿನ ಹಿರಿಯೂರಿನಂಥ ಊರಿಗೆ, ತೇರುಮಲ್ಲೇಶ್ವರನ ರಥೋತ್ಸವದಂಥ ಜಾತ್ರೆಗೆ, ಮುಂದೆ ರೈಲು ಬಂದ ಮೇಲೆ ಹೊಳಲ್ಕೆರೆ ಸೀಮೆಯ ಚಿಕ್ಕಜಾಜೂರಿನಂಥ ಜಂಕ್ಷನ್ನಿಗೆ, ಎಲ್ಲಿಂದಲೋ ಬಂದ ಪ್ರಯಾಣಿಕನೊಬ್ಬನ ಉಸಿರಿನೊಡನೆ ರೋಗವು ಬಂದಿಳಿಯಬಹುದಾಗಿತ್ತು. ಚಿತ್ರದುರ್ಗದ ಏಳುಸುತ್ತಿನ ಕೋಟೆಯಾದರೂ ಅದನ್ನು ತಡೆಯುವಂತಿರಲಿಲ್ಲ.

ಮುಳ್ಳಿನಿಂದ ಮುಳ್ಳು ತೆಗೆಯುವ ಯತ್ನ

ಒಮ್ಮೆ ಸಿಡುಬಾಗಿ ಬದುಕಿದವನಿಗೆ ಅದು ಮತ್ತೆ ಬರುವುದಿಲ್ಲವೆಂಬುದನ್ನು ಬಹು ಹಿಂದೆಯೇ ಜನರು ಕಂಡುಕೊಂಡಿದ್ದರು. ಹಾಗಾದರೆ ಸೌಮ್ಯವಾದ ಸಿಡುಬಿನ ಕೀವನ್ನು ಆರೋಗ್ಯವಂತನ ಚರ್ಮಕ್ಕೆ ತಾಗಿಸಿ, ಬೇಕೆಂದೇ ಸಣ್ಣ ಸಿಡುಬನ್ನು ಬರಿಸಿದರೆ, ದೊಡ್ಡ ಸಿಡುಬಿನಿಂದ ಪಾರಾಗಬಹುದಲ್ಲವೇ? ಬಂಗಾಳದಲ್ಲಿ ಟೀಕಾದಾರರು ಋತುಕಾಲವನ್ನು ನೋಡಿ ಊರೂರು ತಿರುಗುತ್ತ ಇದನ್ನು ಮಾಡುತ್ತಿದ್ದರು. ಹಾಲ್‌ವೆಲ್ ಎಂಬ ಇಂಗ್ಲಿಷ್ ವೈದ್ಯನು ಅವರ ಕ್ರಮವನ್ನು ಕಂಡು ೧೭೬೭ರಲ್ಲಿ ಒಂದು ಪುಸ್ತಕವನ್ನೇ ಬರೆದನು. ತುರ್ಕರ ರಾಜಧಾನಿಯಲ್ಲಿ ಇದನ್ನೇ ನೋಡಿದ ಮೇರಿ ಮಾಂಟೆಗು ಎಂಬ ಆಂಗ್ಲ ಮಹಿಳೆಯು ತನ್ನ ಮಗನಿಗೆ ಅಲ್ಲಿಯೇ ಮಾಡಿಸಿ, ೧೭೨೧ರಲ್ಲಿ ಲಂಡನ್ನಿನಲ್ಲಿ ಮಗಳಿಗೂ ಮಾಡಿಸಿದಳು. ಅಲ್ಲಿಯೂ ಮೊದಲು ಧೈರ್ಯ ಮಾಡಿದವಳು ಒಬ್ಬ ತಾಯಿಯೇ ಎಂಬುದನ್ನು ನಮ್ಮ ಗೃಹಿಣಿಯರು ಗಮನಿಸಬೇಕು.

ಆದರೆ ಈ ಉಪಾಯದಲ್ಲಿ ಎರಡು ದೋಷಗಳಿದ್ದವು. ಹೀಗೆ ಮಾಡಿಸಿಕೊಂಡವರಲ್ಲಿ ನೂರಕ್ಕೆ ಒಬ್ಬಿಬ್ಬರು ಸಾಯುತ್ತಿದ್ದರು. ಅದಕ್ಕಿಂತ ಮಿಗಿಲಾಗಿ, ಬರಿಸಿಕೊಂಡುದು ನಿಜವಾದ ಸಿಡುಬೇ ಆದುದರಿಂದ, ಅವರಿಂದ ಪಕ್ಕದ ಮನೆಗೆ ಅದು ಹಬ್ಬುತ್ತಿತ್ತು. ತನ್ನ ಮಗುವನ್ನು ಉಳಿಸಿಕೊಳ್ಳಲು ನೆರೆಮನೆಯ ಮಗುವನ್ನು ಅಪಾಯಕ್ಕೆ ಗುರಿಮಾಡಿದಂತಾಗುತ್ತಿತ್ತು.

ಈ ದೋಷವನ್ನು ಕಳೆದವನು ಇಂಗ್ಲೆಂಡಿನ ಹಳ್ಳಿಯ ವೈದ್ಯನಾದ ಎಡ್ವರ್ಡ್ ಜೆನ್ನರ್. ಹಸುವಿನ ಕೆಚ್ಚಲಿನ ಮೇಲೆ ಏಳುವ ಗೋಸಿಡುಬು ಹಾಲು ಕರೆಯುವವರ ಕೈಗೆ ಅಂಟಿದರೆ ಅವರಿಗೆ ದೊಡ್ಡ ಸಿಡುಬು ಬರುವುದಿಲ್ಲವೆಂಬ ಮಾತು ಆ ಕಡೆಯ ರೈತರಲ್ಲಿತ್ತು. ೧೭೯೬ನೆಯ ಮೇ ೧೪ರಂದು ಆತನು ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ಹುಡುಗಿಯ ಕೈಯ ಗುಳ್ಳೆಯಿಂದ ರಸವನ್ನು ತೆಗೆದು, ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಬಾಲಕನ ತೋಳಿಗೆ ಸೇರಿಸಿದನು. ಕೆಲವು ವಾರಗಳ ಮೇಲೆ ಆ ಬಾಲಕನಿಗೆ ಸಿಡುಬಿನ ಕೀವನ್ನೇ ಸೇರಿಸಿದರೂ ರೋಗವು ಬರಲಿಲ್ಲ. ೧೭೯೮ರಲ್ಲಿ ಜೆನ್ನರನು ಪುಸ್ತಕವನ್ನು ಪ್ರಕಟಿಸಿದನು. ವಿದ್ವಾಂಸರು ಅಲ್ಲಗಳೆಯಬಹುದಾಗಿದ್ದ ಹಳ್ಳಿಗರ ಮಾತೊಂದನ್ನು ಈ ವೈದ್ಯನು ಕಿವಿಗೊಟ್ಟು ಕೇಳಿದುದರಿಂದ ಲೋಕಕ್ಕೆ ಉಪಕಾರವಾಯಿತು.

ತೋಳಿನಿಂದ ತೋಳಿಗೆ

ಇಂಗ್ಲೆಂಡಿನಿಂದ ನಮ್ಮ ದೇಶಕ್ಕೆ ಆಗ ಹಡಗಿನ ದಾರಿ ಹಲವು ತಿಂಗಳುಗಳದು. ಆಫ್ರಿಕದ ತುದಿಯನ್ನು ಸುತ್ತಿ ಬರುವ ಬಿಸಿಲಿನಲ್ಲಿ ಆ ರಸವು ಕೆಟ್ಟುಹೋಗುತ್ತಿತ್ತು. ಆಗ ವಿಯೆನ್ನಾ ನಗರದ ಝಾನ್ ದ ಕಾರೋ ಎಂಬ ವೈದ್ಯನು ರಸವನ್ನು ಮೇಣದಿಂದ ಭದ್ರಪಡಿಸಿ ನೆಲದ ಮಾರ್ಗವಾಗಿ ಬಾಗ್ದಾದಿಗೆ ಕಳುಹಿಸಿದನು. ಬಾಗ್ದಾದಿನಿಂದ ಬಸ್ರಾ ಬಂದರಿಗೆ, ಬಸ್ರಾದಿಂದ ಬೊಂಬಾಯಿಗೆ ಅದು ಬಂದಿತು. ೧೮೦೨ನೆಯ ಜೂನ್ ೧೪ರಂದು ಬೊಂಬಾಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿಗೆ ಹಾಕಿದ ದಾಕು ಫಲಿಸಿತು. ಭರತಖಂಡದಲ್ಲಿ ಫಲಿಸಿದ ಮೊದಲ ದಾಕು ಅದೇ. ಆ ಮಗುವಿನ ತೋಳಿನ ಗುಳ್ಳೆಯಿಂದ ಮತ್ತೈದು ಮಕ್ಕಳಿಗೆ ಹಾಕಿದರು. ಆ ಮಕ್ಕಳಿಂದ ಮತ್ತಷ್ಟು ಮಕ್ಕಳಿಗೆ. ಹೀಗೆ ದೀಪದಿಂದ ದೀಪ ಹಚ್ಚುವಂತೆ ರಸವು ಪುಣೆ, ಹೈದರಾಬಾದು, ಮದರಾಸುಗಳ ಕಡೆಗೆ ಹರಡಿತು.

ನಮ್ಮ ನಾಲ್ಕು ತಾಲ್ಲೂಕುಗಳು ಆಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ೧೭೭೯ರಲ್ಲಿ ಮದಕರಿ ನಾಯಕನಿಂದ ದುರ್ಗವು ಹೈದರಾಲಿಯ ವಶವಾಗಿ, ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಒಡೆಯರ ಆಳ್ವಿಕೆಗೆ ಬಂದಿತ್ತು. ಆದಕಾರಣ ದುರ್ಗದ ಸೀಮೆಯಲ್ಲಿ ದಾಕಿನ ಕಥೆಯನ್ನು ತಿಳಿಯಬೇಕಾದರೆ ಮೊದಲು ಮೈಸೂರಿನ ಅರಮನೆಯನ್ನೂ ಅದರ ಸುತ್ತಣ ಹಳ್ಳಿಗಳನ್ನೂ ನೋಡಬೇಕು.

ಅರಮನೆಯಲ್ಲಿ ಆಗ ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು. ಅಜ್ಜಿಯವರಾದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಮಾತು ನಡೆಯುತ್ತಿದ್ದ ಕಾಲ. ೧೮೦೫ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಮೂವರು ಸ್ತ್ರೀಯರ ವರ್ಣಚಿತ್ರವೊಂದನ್ನು ಬರೆದನು. ಬಹುಕಾಲದವರೆಗೆ ಇವರು ಯಾರೋ ನರ್ತಕಿಯರೆಂದು ನಂಬಲಾಗಿತ್ತು. ಇವರು ಮೈಸೂರಿನ ಅರಮನೆಯವರೆಂದೂ, ಬಲಗಡೆಯ ತರುಣಿಯು ದೇವಾಜಮ್ಮಣ್ಣಿಯೆಂಬ ಕಿರಿಯ ರಾಣಿಯೆಂದೂ, ಆಕೆಯು ಸೆರಗನ್ನು ಸರಿಸಿ ದಾಕು ಹಾಕಿಸಿಕೊಂಡ ತೋಳನ್ನು ತೋರಿಸುತ್ತಿರುವಳೆಂದೂ ಚರಿತ್ರಕಾರರಾದ ನೈಜೆಲ್ ಚಾನ್ಸೆಲರ್ ಅವರು ನಿರ್ಣಯಿಸಿದ್ದಾರೆ. ಎಡಗಡೆಯಲ್ಲಿರುವ ರಾಣಿಯ ಮುಖದಲ್ಲಿ ಹಳೆಯ ಕ್ರಮದ ಸಿಡುಬು ಹಾಕಿಸಿಕೊಂಡುದರ ಬಣ್ಣಗೇಡು ಕಾಣುತ್ತದೆಂಬುದೂ ಅವರ ಅಭಿಪ್ರಾಯ. ಅಂತಃಪುರದ ಸ್ತ್ರೀಯರು ಪರಪುರುಷರ ಕಣ್ಣಿಗೆ ಬೀಳದಿದ್ದ ಆ ಕಾಲದಲ್ಲಿ ರಾಣಿಯು ತೋಳನ್ನು ತೋರಿಸಿ ಚಿತ್ರ ಬರೆಯಿಸಿಕೊಂಡಳೆಂದರೆ, ಅದು ಸಾಮಾನ್ಯವಾದ ಮಾತಲ್ಲ. ‘ನಾನು ಹಾಕಿಸಿಕೊಂಡಿದ್ದೇನೆ, ನೀವೂ ಹಾಕಿಸಿಕೊಳ್ಳಿರಿ’ ಎಂಬುದಕ್ಕಿಂತ ದೊಡ್ಡ ಡಂಗುರವು ಬೇರೆ ಯಾವುದು?

ಹಳ್ಳಿಗಳಲ್ಲಿ ಈ ಕಾರ್ಯವನ್ನು ಮಾಡಿದವರಲ್ಲಿ ಫ್ರಾನ್ಸ್ ದೇಶದ ಪಾದ್ರಿ ಅಬ್ಬೆ ದ್ಯುಬುವಾ ಅವರ ಹೆಸರು ಮುಖ್ಯವಾದುದು. ಅವರು ವೃತ್ತಿಯಿಂದ ವೈದ್ಯರಲ್ಲ. ಆದರೆ ಮೈಸೂರು ಸೀಮೆಯ ಜನರ ನಡುವೆ ಅವರಂತೆಯೇ ಉಟ್ಟು, ಅವರ ಭಾಷೆಯನ್ನು ಕಲಿತು, ಅವರ ಆಚಾರಗಳನ್ನು ಬಲ್ಲವರಾಗಿದ್ದರು. ೧೮೦೩–೦೪ರಲ್ಲಿ ಅವರ ಪ್ರಯತ್ನದಿಂದ ೨೫,೪೩೨ ಮಂದಿಗೆ ದಾಕು ಹಾಕಿದುದಾಗಿ ದಾಖಲೆಯಾಗಿದೆ. ದಾಕಿನ ಹೆಸರು ಕೇಳಿ ಬಾಗಿಲು ಮುಚ್ಚುತ್ತಿದ್ದ ಕಾಲದಲ್ಲಿ ಇಷ್ಟು ಜನರು ತೋಳನ್ನೊಡ್ಡಿದರೆಂದರೆ ಅದಕ್ಕೆ ರಸದ ಶಕ್ತಿಯಷ್ಟೇ ಕಾರಣವಲ್ಲ. ಹಾಕುವವನು ಯಾರೆಂಬುದನ್ನು ಜನರು ಬಲ್ಲವರಾಗಿದ್ದರು. ಅವನು ತಮ್ಮನ್ನು ಬಲ್ಲನೆಂಬುದನ್ನೂ ಅರಿತಿದ್ದರು.

ಬಯಲುಸೀಮೆಯ ತೊಡಕುಗಳು

ಕಾಲಕ್ರಮದಲ್ಲಿ ತಾಲ್ಲೂಕುಗಳಲ್ಲಿ ದಾಕು ಹಾಕುವವರು ನೇಮಕರಾದರು. ಪೆಟ್ಟಿಗೆಯನ್ನು ಹೊತ್ತು ಊರೂರು ತಿರುಗುವುದು ಅವರ ಕೆಲಸ. ಇಂಥ ಒಬ್ಬನು ಹೊಸದುರ್ಗದ ಅಥವಾ ಹೊಳಲ್ಕೆರೆಯ ಹಳ್ಳಿಯೊಂದಕ್ಕೆ ಬಂದಾಗ ಅವನಿಗೆ ಎದುರಾಗುತ್ತಿದ್ದ ತೊಡಕುಗಳನ್ನು ವಾಚಕರು ಊಹಿಸಿಕೊಳ್ಳಲಿ.

ಮೊದಲನೆಯದು ಬಿಸಿಲು. ನಮ್ಮದು ಮಳೆ ಕಡಮೆಯಾದ ಬಯಲುಸೀಮೆ. ಬೇಸಗೆಯ ಕಾವಿನಲ್ಲಿ ರಸವು ಸತ್ತುಹೋಗಿ, ಹಾಕಿದ ದಾಕು ಫಲಿಸದೆ ಹೋಗುತ್ತಿತ್ತು. ಫಲಿಸಲಿಲ್ಲವೆಂಬುದು ತಿಳಿಯದೆ, ತಾನು ಸುರಕ್ಷಿತನೆಂದು ನಂಬಿದವನಿಗೆ ಮುಂದೆ ಸಿಡುಬು ಬಂದರೆ, ಊರೆಲ್ಲ ದಾಕನ್ನೇ ಹಳಿಯುತ್ತಿತ್ತು.

ಎರಡನೆಯದು ತೋಳಿನಿಂದ ತೋಳಿಗೆ ಹಾಕುವ ಪದ್ಧತಿ. ದಾಕು ಹಾಕಿದ ಎಂಟನೆಯ ದಿನ ಗುಳ್ಳೆಯು ಪಕ್ವವಾಗುತ್ತಿತ್ತು. ಆ ದಿನ ತಾಯಿಯು ಮಗುವನ್ನು ಮತ್ತೆ ಕರೆತಂದು, ಅದರ ತೋಳಿನ ರಸವನ್ನು ಬೇರೆ ಮಕ್ಕಳಿಗಾಗಿ ಕೊಡಬೇಕು. ನೋವಿನಿಂದ ಅಳುವ ಮಗುವನ್ನು ಮತ್ತೆ ಚುಚ್ಚಿಸಲು ಯಾವ ತಾಯಿಗೆ ಮನಸ್ಸು ಬಂದೀತು? ಮಗುವಿನ ಸತ್ತ್ವವೇ ಹರಿದುಹೋಗುವುದೆಂದು ಅಂಜಿದವರೂ ಉಂಟು. ಒಂದು ಜಾತಿಯ ಮಗುವಿನ ರಸವನ್ನು ಇನ್ನೊಂದು ಜಾತಿಯ ಮನೆಯಲ್ಲಿ ಒಪ್ಪುತ್ತಿರಲಿಲ್ಲ. ಸಿಡುಬಿಗೆ ಮಾತ್ರ ಆ ಭೇದವಿರಲಿಲ್ಲ.

ಇಲ್ಲಿ ವೈದ್ಯರ ತಪ್ಪನ್ನೂ ನಾವು ಮುಚ್ಚಿಡಲಾಗದು. ಒಬ್ಬರ ತೋಳಿನ ರಸದೊಡನೆ ಅವರಲ್ಲಿದ್ದ ಬೇರೆ ಅಂಟುರೋಗಗಳೂ ಇನ್ನೊಬ್ಬರಿಗೆ ಹೋಗುವ ಸಂಭವವಿತ್ತು. ಅನೇಕ ದೇಶಗಳಲ್ಲಿ ಹಾಗಾಯಿತು. ಜನರು ಅಂಜಿದುದೆಲ್ಲ ಅಜ್ಞಾನವಾಗಿರಲಿಲ್ಲ. ಮತ್ತೊಂದು, ಒಮ್ಮೆ ಹಾಕಿದ ದಾಕು ಆಯುಷ್ಯಪರ್ಯಂತ ಕಾಯುವುದೆಂದು ಮೊದಲ ಕಾಲದ ವೈದ್ಯರು ಹೇಳಿದರು. ಅದು ತಪ್ಪಾಗಿತ್ತು, ವರ್ಷಗಳು ಕಳೆದಂತೆ ಅದರ ಬಲವು ಕುಗ್ಗುತ್ತಿತ್ತು, ಮರಳಿ ಹಾಕಿಸಬೇಕಾಗಿತ್ತು. ಅತಿಯಾಗಿ ಭರವಸೆ ಕೊಟ್ಟು ಅದು ಸುಳ್ಳಾದಾಗ ನಂಬಿಕೆಯು ಮುರಿಯುತ್ತದೆ. ಮುರಿದ ನಂಬಿಕೆಯನ್ನು ಬೆಸೆಯಲು ಒಂದು ತಲೆಮಾರು ಬೇಕಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕರುಗಳ ಮೈಮೇಲೆ ರಸವನ್ನು ಬೆಳೆಸಿ ತೆಗೆಯುವ ಕ್ರಮವು ಬಳಕೆಗೆ ಬಂದು, ತೋಳಿನಿಂದ ತೋಳಿಗೆ ಹಾಕುವ ದೋಷವು ತಪ್ಪಿತು. ಬೆಂಗಳೂರಿನಲ್ಲಿ ಸಂಸ್ಥಾನಕ್ಕಾಗಿ ರಸವನ್ನು ಸಿದ್ಧಪಡಿಸುವ ಕಾರ್ಯದಲ್ಲಿ ದುಡಿದವರಲ್ಲಿ ಡಾಕ್ಟರ್ ಪಲ್ಪು ಒಬ್ಬರು. ಇವರು ತಿರುವಾಂಕೂರಿನ ಈಳವ ಜಾತಿಯಲ್ಲಿ ಹುಟ್ಟಿ ಮದರಾಸಿನಲ್ಲಿ ವೈದ್ಯವಿದ್ಯೆಯನ್ನು ಕಲಿತವರು. ಜಾತಿಯ ಕಾರಣದಿಂದ ಸ್ವಂತ ನಾಡಿನಲ್ಲಿ ಉದ್ಯೋಗವು ದೊರೆಯದೆ ಮೈಸೂರಿನ ಸೇವೆಗೆ ಬಂದರು. ತಮ್ಮ ಊರಿನವರು ಬೇಡವೆಂದ ಕೈಗಳು ನಮ್ಮ ಊರಿನ ಮಕ್ಕಳ ರಕ್ಷಣೆಗೆ ಒದಗಿದವು. ೧೯೦೬ರಲ್ಲಿ ಮೈಸೂರಿನಲ್ಲಿ ದಾಕಿನ ಬಗ್ಗೆ ಕಾನೂನೊಂದು ಜಾರಿಗೆ ಬಂದಿತು.

ಕಿಂಡಿಯನ್ನು ಕಾಯ್ದವರು

ಕಾನೂನು ಬಂದಿತು, ರಸವೂ ಬಂದಿತು. ಆದರೂ ಸಿಡುಬು ಹೋಗಲಿಲ್ಲವೇಕೆ? ಇದಕ್ಕೆ ಉತ್ತರವನ್ನು ಚಿತ್ರದುರ್ಗದ ಬೆಟ್ಟದ ಮೇಲೆಯೇ ಕಾಣಬಹುದು. ಹೈದರನ ದಂಡು ಕೋಟೆಯ ಹೆಬ್ಬಾಗಿಲುಗಳನ್ನು ಮುರಿಯಲಾರದೆ, ಒಬ್ಬೊಬ್ಬರೇ ನುಸುಳಬಹುದಾದ ಕಿಂಡಿಯೊಂದರಿಂದ ಒಳಹೊಗಲು ನೋಡಿತೆಂದೂ, ಕಾವಲುಗಾರನ ಹೆಂಡತಿ ಓಬವ್ವನು ಕೈಗೆ ಸಿಕ್ಕ ಒನಕೆಯಿಂದಲೇ ಅವರನ್ನು ತಡೆದಳೆಂದೂ ನಮ್ಮ ಮಕ್ಕಳೆಲ್ಲ ಬಲ್ಲರು. ಸಿಡುಬಿನ ಕಥೆಯೂ ಇದೇ. ಊರಿನಲ್ಲಿ ನೂರು ಮಂದಿಗೆ ದಾಕು ಹಾಕಿ ಹತ್ತು ಮನೆಗಳನ್ನು ಬಿಟ್ಟರೆ, ಆ ಹತ್ತು ಮನೆಗಳೇ ಕಿಂಡಿ. ಅಂಜಿಕೆಯಿಂದ ಮುಚ್ಚಿಟ್ಟ ಒಬ್ಬ ರೋಗಿಯೇ ಕಿಂಡಿ.

ಸ್ವಾತಂತ್ರ್ಯ ಬಂದ ಮೇಲೆ ೧೯೬೨ರಲ್ಲಿ ಭಾರತ ಸರ್ಕಾರವು ಸಿಡುಬಿನ ನಿರ್ಮೂಲನಕ್ಕೆ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ೧೯೬೭ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಲೋಕದಲ್ಲೆಲ್ಲ ಈ ಪ್ರಯತ್ನವನ್ನು ತೀವ್ರಗೊಳಿಸಿತು. ಅಷ್ಟರಲ್ಲಿ ಲೆಸ್ಲಿ ಕಾಲಿಯರ್ ಎಂಬ ವಿಜ್ಞಾನಿಯ ಶ್ರಮದಿಂದ, ಬಿಸಿಲಿಗೂ ಕೆಡದಂತೆ ರಸವನ್ನು ಒಣಗಿಸಿ ಪುಡಿಮಾಡುವ ವಿಧಾನವು ಸಿದ್ಧವಾಗಿತ್ತು. ಎರಡು ಮೊನೆಯ ಸಣ್ಣ ಸೂಜಿಯೂ ಬಂದಿತು. ಆದರೆ ಜಯವನ್ನು ತಂದುದು ಇನ್ನೊಂದು ಕ್ರಮ. ರೋಗವಿರುವ ಮನೆಯನ್ನು ಹುಡುಕುವುದು; ಆ ರೋಗಿಯನ್ನು ಬೇರೆಯಾಗಿಡುವುದು; ಆ ಮನೆಯ, ಬೀದಿಯ, ಊರಿನ, ಸುತ್ತಣ ಹಳ್ಳಿಗಳ ಜನರಿಗೆಲ್ಲ ಕೂಡಲೇ ದಾಕು ಹಾಕುವುದು. ರೋಗದ ಸುತ್ತ ಸುತ್ತುಕೋಟೆಯನ್ನು ಕಟ್ಟುವ ಉಪಾಯವಿದು. ಸೋಂಕು ತಗುಲಿದ ಮೂರು ನಾಲ್ಕು ದಿನಗಳೊಳಗೆ ದಾಕು ಹಾಕಿದರೂ ಅದು ಕಾಪಾಡಬಲ್ಲುದಾದುದರಿಂದ ಈ ಕ್ರಮವು ಫಲಿಸಿತು. ಮನುಷ್ಯನ ಹೊರತು ಬೇರೆ ಪ್ರಾಣಿಗಳಲ್ಲಿ ಸಿಡುಬಿಗೆ ನೆಲೆಯಿಲ್ಲದುದರಿಂದ, ಮನುಷ್ಯರಲ್ಲಿ ತಡೆದರೆ ಅದಕ್ಕೆ ಅಡಗಲು ಜಾಗವಿರಲಿಲ್ಲ.

೧೯೭೪ರಲ್ಲಿ ಭಾರತದಲ್ಲಿ ೧,೮೮,೦೦೦ ಮಂದಿಗೆ ಸಿಡುಬು ಬಂದು, ೩೧,೦೦೦ಕ್ಕಿಂತ ಹೆಚ್ಚು ಮಂದಿ ಸತ್ತರು. ಹೆಚ್ಚಿನ ಹಾನಿಯು ಬಿಹಾರ ಮೊದಲಾದ ಉತ್ತರದ ಪ್ರಾಂತಗಳಲ್ಲಿ ಆಯಿತು. ಮರುವರ್ಷ, ೧೯೭೫ನೆಯ ಮೇ ತಿಂಗಳಲ್ಲಿ, ಈ ದೇಶದ ಕೊನೆಯ ರೋಗಿಯು ಅಸ್ಸಾಮಿನಲ್ಲಿ ಗುರುತಿಸಲ್ಪಟ್ಟಳು. ೧೯೭೭ರಲ್ಲಿ ಭಾರತವು ಸಿಡುಬಿನಿಂದ ಮುಕ್ತವೆಂದು ಪ್ರಮಾಣೀಕರಿಸಲಾಯಿತು. ೧೯೮೦ನೆಯ ಮೇ ೮ರಂದು ವಿಶ್ವ ಆರೋಗ್ಯ ಸಭೆಯು ಲೋಕದಲ್ಲಿಯೇ ಸಿಡುಬು ಇಲ್ಲವಾಯಿತೆಂದು ಘೋಷಿಸಿತು. ಬೊಂಬಾಯಿಯ ಆ ಪುಟ್ಟ ಮಗುವಿನ ತೋಳಿಗೆ ಮೊದಲ ದಾಕು ಫಲಿಸಿ ಆಗ ೧೭೮ ವರ್ಷಗಳು ಸಮೀಪಿಸಿದ್ದವು.

ಇಷ್ಟನ್ನು ಓದಿ, ಕಳೆದುಹೋದ ರೋಗದ ಕಥೆಯಿಂದ ಇಂದಿನ ಮನೆಗಳಿಗೆ ಏನು ಪ್ರಯೋಜನವೆಂದು ವಾಚಕರು ಕೇಳಬಹುದು. ಇಂದಿಗೂ ಅನೇಕ ಹಳ್ಳಿಗಳಲ್ಲಿ ಮಗುವಿಗೆ ಜ್ವರ ಬಂದು ಮೈಮೇಲೆ ಕೆಂಪು ಗುಳ್ಳೆಗಳೆದ್ದರೆ ಅಮ್ಮನೆಂದೇ ಹೇಳುತ್ತಾರೆ. ದೊಡ್ಡಮ್ಮನು ಹೋದಳು, ಆದರೆ ಹಾಗೆ ಬರುವುದು ದಡಾರವಾಗಿರಬಹುದು. ದಡಾರವನ್ನು ಹಗುರವಾಗಿ ಎಣಿಸಬಾರದು. ಅದು ಶ್ವಾಸಕೋಶಕ್ಕೆ ಇಳಿದರೆ ಎಳೆಯ ಮಕ್ಕಳ ಪ್ರಾಣವನ್ನೇ ತೆಗೆಯುತ್ತದೆ, ಕಣ್ಣನ್ನೂ ಕೆಡಿಸುತ್ತದೆ. ಅದಕ್ಕೆ ಲಸಿಕೆಯುಂಟು. ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆಯೂ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇನ್ನೊಮ್ಮೆಯೂ ಸರ್ಕಾರಿ ಆರೋಗ್ಯಕೇಂದ್ರಗಳಲ್ಲಿ ಅದನ್ನು ಹಣವಿಲ್ಲದೆ ಹಾಕುತ್ತಾರೆ. ಬಾಗಿಲಿಗೆ ಬೇವನ್ನು ಕಟ್ಟಿದರೆ ನಮ್ಮ ಆಕ್ಷೇಪಣೆಯಿಲ್ಲ. ಮೊಸರನ್ನದ ಎಡೆಯನ್ನು ಇಟ್ಟರೂ ಇಲ್ಲ. ಆದರೆ ಜ್ವರದ ಮಗುವನ್ನು ಒಳಗೆ ಮಲಗಿಸಿ ಬಾಗಿಲು ಮುಚ್ಚಿಕೊಳ್ಳದೆ ವೈದ್ಯರಿಗೆ ತೋರಿಸಬೇಕು. ಲಸಿಕೆಯ ಕಾರ್ಡಿನಲ್ಲಿ ಎರಡನೆಯ ಮನೆಯು ಖಾಲಿಯಾಗಿ ಉಳಿದಿದೆಯೇ ಎಂಬುದನ್ನು ಇಂದೇ ನೋಡಬೇಕು. ಖಾಲಿಯಾಗಿ ಉಳಿದ ಆ ಮನೆಯೇ ಕಿಂಡಿ.

ಮನೆಮನೆಗೆ ಬರುವ ಆರೋಗ್ಯ ಸಹಾಯಕಿಯರಿಗೆ ನಮ್ಮ ವಿನಂತಿಯೂ ಒಂದುಂಟು. ತಾಯಿಯು ಪ್ರಶ್ನೆ ಕೇಳಿದರೆ ಅವಳನ್ನು ಗದರಿಸಬಾರದು. ಲಸಿಕೆಯಿಂದ ಒಂದೆರಡು ದಿನ ಜ್ವರ ಬರಬಹುದೆಂಬುದನ್ನು ಮೊದಲೇ ಹೇಳಬೇಕು. ಹೇಳಿದಂತೆಯೇ ಜ್ವರ ಬಂದರೆ ತಾಯಿಗೆ ಹೇಳಿದವರ ಮೇಲೆ ನಂಬಿಕೆಯು ಹೆಚ್ಚುತ್ತದೆ. ಹೇಳದೆ ಬಂದರೆ ಇದ್ದುದೂ ಹೋಗುತ್ತದೆ.

ಅಜ್ಜಿಯ ತೋಳಿನ ಕಲೆಯನ್ನು ಮೊಮ್ಮಗುವು ಬೆರಳಿಟ್ಟು ಕೇಳಿದಾಗ, ಅದು ಏನೆಂಬುದನ್ನು ಅಜ್ಜಿಯೇ ಹೇಳಲಿ. ಆ ದಿನ ಪೆಟ್ಟಿಗೆ ಹೊತ್ತು ಬಂದವನನ್ನೂ, ಅಳುವ ಮಗುವನ್ನು ಗಟ್ಟಿಯಾಗಿ ಹಿಡಿದು ತೋಳನ್ನೊಡ್ಡಿಸಿದ ತನ್ನ ತಾಯಿಯನ್ನೂ ಒಟ್ಟಿಗೆ ನೆನೆಯಲಿ. ಅವರಿಬ್ಬರಲ್ಲಿ ಯಾರೊಬ್ಬರು ಹಿಂಜರಿದಿದ್ದರೂ ಕಥೆ ಹೇಳಲು ಅಜ್ಜಿಯೂ, ಕೇಳಲು ಮೊಮ್ಮಗುವೂ ಇಂದು ಇಲ್ಲದೆ ಹೋಗಬಹುದಾಗಿತ್ತು.